ಎರಡನೆಯ ಶಿಫಾರಸು ಪತ್ರ

ಜನವರಿಯ ಒಂದು ಬೆಳಿಗ್ಗೆ ನಮ್ಮ ಕಾಲೇಜಿನ ಗ್ರಂಥಪಾಲಕರು ಒಂದು ಪ್ರಕಟಣೆಯ ಪ್ರತಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟು, "ಇದನ್ನ ನೋಡಿದ್ರಾ? ಸಾಯನ್ಸಿನವ್ರಿಗಲ್ಲ, ಕಾಮರ್ಸಿನವ್ರಿಗಲ್ಲ. ನಮ್ಮವ್ರಿಗೇ" ಎಂದರು. ಕಲೆ ಮತ್ತು ಮಾನವಿಕ ವಿಷಯಗಳಲ್ಲಿ ಎಂ.ಎ. ಮಾಡುವವರಿಗೆ ಒಂದು ಖಾಸಗಿ ಪ್ರತಿಷ್ಠಾನ ಕೊಡುವ ವಿದ್ಯಾರ್ಥಿವೇತನ ಅದು. ದೇಶದ ಯಾವ ವಿಶ್ವವಿದ್ಯಾಲಯದಲ್ಲಾದರೂ ಓದಬಹುದು. ಶುಲ್ಕ, ಹಾಸ್ಟೆಲ್, ಪುಸ್ತಕ, ಕ್ಷೇತ್ರಕಾರ್ಯದ ಓಡಾಟ ಎಲ್ಲವೂ ಅದರಲ್ಲಿ ಸೇರಿತ್ತು. ಅರ್ಜಿಗೆ ಕೊನೆಯ ದಿನ ಫೆಬ್ರವರಿಯ ಕೊನೆಯ ಶುಕ್ರವಾರ, ಸಂಜೆ ಐದು ಗಂಟೆ.

ನಾನು ಅಂಕೋಲೆಯ ಈ ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ಆ ವರ್ಷ ವಿದ್ಯಾರ್ಥಿವೇತನದ ಕೆಲಸವನ್ನೂ ನನಗೇ ಹಚ್ಚಿದ್ದರು. ಅಲ್ಲಿಯವರೆಗೆ ನಾನು ಮಾಡಿದ್ದೆಂದರೆ ಅರ್ಜಿಗಳಿಗೆ ಸೀಲು ಹೊಡೆಸಿ ಮೇಲೆ ಕಳಿಸುವುದು. ಎಂ.ಎ. ಇತಿಹಾಸ ಓದಲು ಹೊರರಾಜ್ಯಕ್ಕೆ ಹೋಗುತ್ತೇನೆ ಎಂದು ನಮ್ಮಲ್ಲಿ ಯಾರೂ ಕೇಳಿಕೊಂಡು ಬಂದಿರಲಿಲ್ಲ. ಆದರೂ ಪ್ರಕಟಣೆ ಓದಿ ಮುಗಿಸುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಹೆಸರು ಬಂದು ನಿಂತಿತ್ತು. ಬಿ.ಎ. ಕೊನೆಯ ವರ್ಷದ ಮಹಾದೇವಿ.

ಕಾರವಾರದಲ್ಲಿ ನಾನು ಹತ್ತುವ ಬಸ್ಸಿಗೆ ಅವಳು ತೋಡೂರಿನಲ್ಲಿ ಹತ್ತುತ್ತಿದ್ದಳು. ಅವಳ ಮನೆಯವರು ಅರ್ಗಾದ ಆಚೆ ಸಮುದ್ರದ ಬದಿಯ ಸಣ್ಣ ಕೇರಿಯೊಂದರಲ್ಲಿ ಗದ್ದೆ ಮಾಡಿಕೊಂಡಿದ್ದವರು. ಆ ಕೇರಿ ಈಗ ನೌಕಾನೆಲೆಯ ಗೋಡೆಯ ಒಳಗಿದೆ. ಮಹಾದೇವಿ ಹುಟ್ಟಿದ್ದು ಊರು ಬಿಟ್ಟು ಬಂದವರ ಕಾಲನಿಯಲ್ಲಿ. ತಂದೆಯ ಊರನ್ನು ಅವಳು ಒಂದು ದಿನವೂ ಕಂಡವಳಲ್ಲ.

ಹಿಂದಿನ ವರ್ಷ ಸ್ಥಳೀಯ ಇತಿಹಾಸದ ಬಗ್ಗೆ ಏನಾದರೂ ಬರೆದು ತನ್ನಿ ಎಂದಾಗ ಉಳಿದವರೆಲ್ಲ ಕೋಟೆ, ದೇವಸ್ಥಾನ ಎಂದು ಮೊಬೈಲಿನಲ್ಲಿ ಸಿಕ್ಕಿದ್ದನ್ನು ಇಳಿಸಿಕೊಂಡು ಬಂದಿದ್ದರು. ಅವಳು ಒಂದು ದಪ್ಪ ನೋಟ್‌ಬುಕ್ ತಂದಳು. ಅದರ ತುಂಬ ಬರೀ ಹೆಸರುಗಳು. ಗದ್ದೆಗಳ ಹೆಸರು, ಬಾವಿಗಳ ಹೆಸರು, ಹಳ್ಳದ ತಿರುವುಗಳ ಹೆಸರು, ಇಳಿತದ ಹೊತ್ತಿಗೆ ಮಾತ್ರ ಕಾಣುವ ಬಂಡೆಗಳ ಹೆಸರು. ಕಾಲನಿಯ ಮುದುಕ ಮುದುಕಿಯರ ಪಕ್ಕ ಕೂತು ಕೇಳಿ ಬರೆದುಕೊಂಡದ್ದು. ಪ್ರತಿ ಹೆಸರಿನ ಎದುರಿಗೆ ಹೇಳಿದವರು ಯಾರು, ಅಲ್ಲಿ ಏನು ಬೆಳೆಯುತ್ತಿತ್ತು, ಅದರ ಆಚೆ ಈಚೆ ಏನಿತ್ತು ಎಂಬ ವಿವರ. ಇಪ್ಪತ್ತು ವರ್ಷ ಪಾಠ ಮಾಡಿದರೂ ಅಂಥ ಒಂದು ನೋಟ್‌ಬುಕ್ ನನ್ನ ಕೈಗೆ ಬಂದಿರಲಿಲ್ಲ.

ಬಸ್ಸಿನಲ್ಲೇ ವಿಷಯ ಹೇಳಿದೆ. ಅವಳು ಪ್ರಕಟಣೆಯನ್ನು ಎರಡು ಸಲ ಓದಿ, "ಹೆಸ್ರು ಬರ್ದಿದ್ದಕ್ಕೆ ಓದೂಕೆ ದುಡ್ಡು ಕೊಡ್ತ್ರಾ ಮೇಡಂ?" ಎಂದು ಕೇಳಿದಳು.

"ಅದಕ್ಕೇ ಕೊಡೋದು. ಆದ್ರೆ ಕೇಳೋ ರೀತೀಲಿ ಕೇಳ್ಬೇಕು," ಎಂದೆ. ಕೇಳುವ ರೀತಿ ನನಗೆ ಗೊತ್ತಿದೆ ಎಂದೇ ನಾನು ನಂಬಿದ್ದೆ.

ಮೊದಲ ತೊಡಕು ಹೆಸರಿನದೇ. ಮನೆಯಲ್ಲಿ ಅವಳು ಮಾದೇವಿ. ಆಧಾರ್ ಕಾರ್ಡಿನಲ್ಲೂ ಮಾದೇವಿ. ಒಂದನೆಯ ತರಗತಿಗೆ ಸೇರಿಸುವಾಗ ಮಾಸ್ತರರು ಅದನ್ನು ತಿದ್ದಿ ಮಹಾದೇವಿ ಎಂದು ಬರೆದುಕೊಂಡಿದ್ದರು. ಅಲ್ಲಿಂದ ಎಲ್ಲ ಅಂಕಪಟ್ಟಿಗಳಲ್ಲೂ ಮಹಾದೇವಿ. ಅರ್ಜಿಯಲ್ಲಿ ಅಂಕಪಟ್ಟಿಯ ಹೆಸರು ಹಾಕಿದರೆ ಪ್ರತಿಷ್ಠಾನದ ಜಾಲತಾಣ ಅದನ್ನು ಆಧಾರಿನ ಹೆಸರಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಹೊಂದಿಕೆಯಾಗುತ್ತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬರೆದು ನಿಂತುಬಿಡುತ್ತಿತ್ತು. ಮುಂದಿನ ಪುಟ ತೆರೆಯುತ್ತಲೇ ಇರಲಿಲ್ಲ.

ಸಹಾಯವಾಣಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳಿಸಿ ಕೊನೆಗೆ ಇಮೇಲ್ ಕಳಿಸಿ ಎನ್ನುತ್ತಿತ್ತು. ಇಮೇಲ್ ಕಳಿಸಿದರೆ ಐದೇ ನಿಮಿಷದಲ್ಲಿ ಉತ್ತರ: ನಿಮ್ಮ ಪ್ರಶ್ನೆ ನಮಗೆ ಮುಖ್ಯ, ದಯವಿಟ್ಟು ಸೂಚನೆಗಳನ್ನು ಓದಿ. ಮೂರು ಸಲ ಕಳಿಸಿದೆ, ಮೂರು ಸಲವೂ ಅದೇ ವಾಕ್ಯ. ಆಧಾರ್ ತಿದ್ದಿಸಲು ಹೋದರೆ ನಮ್ಮ ಕೊನೆಯ ದಿನ ದಾಟುತ್ತಿತ್ತು. ಕಾರವಾರದ ಕೋರ್ಟಿನ ಹತ್ತಿರ ನೋಟರಿಯ ಬಳಿ, ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಿದೆವು. ಆದರೆ ಅಫಿಡವಿಟ್ ಹಾಕಲು ಅರ್ಜಿಯಲ್ಲಿ ಜಾಗವೇ ಇರಲಿಲ್ಲ.

ದಾರಿ ತೋರಿಸಿದ್ದು ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ಮೂಲ ಕಾರವಾರದವಳು, ಮಾತಿನಲ್ಲಿ ಕೊಂಕಣಿಯ ಎಳೆತ, ನನ್ನನ್ನು ಅಕ್ಕ ಎನ್ನುವ ಹಾಗೆ ಬಾಯಿ ಎಂದು ಕರೆಯುತ್ತಿದ್ದಳು. ಕಾಲೇಜಿನ ಇಂಟರ್ನೆಟ್ ಕೈಕೊಟ್ಟಾಗೆಲ್ಲ ನಾವು ಅವಳ ಅಂಗಡಿಗೆ ಓಡುತ್ತಿದ್ದೆವು.

"ಬಾಯಿ, ಅರ್ಜೀಲಿ ಮಾದೇವಿ ಹೇಳೇ ಹಾಕಿ. ಅಂಕಪಟ್ಟಿ ಹಾಕೂ ಜಾಗದಲ್ಲಿ ಅಂಕಪಟ್ಟಿ, ಹಿಂದೆ ಅಫಿಡವಿಟ್, ಎರಡೂ ಒಂದೇ ಫೈಲ್ ಮಾಡ್ತೆ. ಮಷಿನ್ನು ಒಳಗೆ ಓದೂದಿಲ್ಲ. ಓದೂ ಮನುಷ್ಯ ಬಂದಾಗ ಓದ್ಕೊಳ್ಳಲಿ," ಎಂದಳು.

ಹಾಗೆಯೇ ಮಾಡಿದೆವು. ಫೈಲು ದೊಡ್ಡದಾಯಿತು, ಜಾಲತಾಣ ತಿರಸ್ಕರಿಸಿತು. ಕುಗ್ಗಿಸಿದಾಗ ಅಂಕಗಳೇ ಕಾಣದಾದವು. ಮತ್ತೆ ಸ್ಕ್ಯಾನ್, ಮತ್ತೆ ಕುಗ್ಗಿಸುವುದು. ನಾಲ್ಕನೆಯ ಸಲಕ್ಕೆ ಅಂಕವೂ ಕಂಡಿತು, ಫೈಲೂ ಒಳಗೆ ಹೋಯಿತು. ಇಷ್ಟಕ್ಕೆ ಹನ್ನೊಂದು ದಿನ ಕಳೆದಿತ್ತು. ಅಷ್ಟು ದಿನದಲ್ಲಿ ಅವಳ ಓದಿನ ಬಗ್ಗೆ ಅರ್ಜಿಯಲ್ಲಿ ಒಂದು ಸಾಲನ್ನೂ ಬರೆದಿರಲಿಲ್ಲ.

ಮುಖ್ಯವಾದದ್ದು ಆಮೇಲೆ ಇತ್ತು. ಏನನ್ನು ಓದಬೇಕು, ಯಾಕೆ, ಹೇಗೆ ಎಂಬುದರ ಬಗ್ಗೆ ಸಾವಿರ ಶಬ್ದಗಳ ಪ್ರಸ್ತಾವ, ಇಂಗ್ಲಿಷಿನಲ್ಲಿ. ಜೊತೆಗೆ ಅವಳ ಕೆಲಸ ಬಲ್ಲ ಇಬ್ಬರ ಶಿಫಾರಸು ಪತ್ರ. ಪತ್ರಗಳನ್ನು ನಾವು ಹಾಕುವಂತಿಲ್ಲ. ಶಿಫಾರಸು ಮಾಡುವವರಿಗೆ ಜಾಲತಾಣದಿಂದ ಒಂದು ಲಿಂಕ್ ಹೋಗುತ್ತದೆ, ಅವರೇ ಅದನ್ನು ತೆರೆದು ಪತ್ರ ಸೇರಿಸಬೇಕು.

ಮಹಾದೇವಿ ಕನ್ನಡದಲ್ಲಿ ನಾಲ್ಕು ಪುಟ ಬರೆದು ತಂದಳು. ಓದಿದೆ. ನೇರವಾಗಿತ್ತು, ಚೆನ್ನಾಗಿತ್ತು, ನನಗೆ ಭಯವಾಯಿತು. ನಾನು ನನ್ನ ಕಾಲದಲ್ಲಿ ಇಂಥದೇ ಒಂದು ನೇರವಾದ ಅರ್ಜಿ ಬರೆದು ಸೋತವಳು. ಆಯ್ಕೆ ಮಾಡುವವರ ಭಾಷೆಯಲ್ಲಿ ಮಾತಾಡದಿದ್ದರೆ ಅವರಿಗೆ ಕೇಳಿಸುವುದಿಲ್ಲ ಎಂದು ಅಂದಿನಿಂದ ನನ್ನ ತಲೆಯಲ್ಲಿ ಕೂತಿತ್ತು. "ಇದನ್ನ ನಂಗೆ ಬಿಡು," ಎಂದು ಹೇಳಿ ಅವಳ ನಾಲ್ಕು ಪುಟವನ್ನು ಬದಿಗಿಟ್ಟು, ಒಂದು ವಾರ ಕೂತು ಇಂಗ್ಲಿಷಿನಲ್ಲಿ ನಾನೇ ಬರೆದೆ. ಸ್ಮೃತಿ, ಭೂದೃಶ್ಯ, ಅಂಚಿನ ಸಮುದಾಯ, ಅಳಿಸಿಹೋದ ಭೂಗೋಳ. ನಾನು ಓದಿದ ಪುಸ್ತಕಗಳ ಭಾರವಾದ ಶಬ್ದಗಳೆಲ್ಲ ಬಂದು ಕೂತವು. ಅವಳ ನೋಟ್‌ಬುಕ್ಕಿನ ಹೆಸರುಗಳಲ್ಲಿ ಮೂರೋ ನಾಲ್ಕೋ ಉಳಿದವು.

ಎರಡನೆಯ ಶಿಫಾರಸಿನ ವಿಷಯದಲ್ಲೂ ಹಾಗೆಯೇ ಆಯಿತು. ಒಂದು ಪತ್ರ ನನ್ನದು. ಇನ್ನೊಂದು ಯಾರದು ಎಂದಾಗ ಅವಳು ತಕ್ಷಣ, "ಲೈಬ್ರರಿ ಸರ್" ಎಂದಳು. ಗ್ರಂಥಪಾಲಕರೇ ಅವಳಿಗೆ ಹಳೆಯ ಸರ್ವೆ ನಕ್ಷೆ ಓದುವುದನ್ನು ಕಲಿಸಿದವರು. ಮೂರು ವರ್ಷ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಎಲ್ಲಿ ಕೂರುತ್ತಾಳೆ, ಏನು ಓದುತ್ತಾಳೆ ಎಂಬುದನ್ನೆಲ್ಲ ಕಂಡವರು.

"ಗ್ರಂಥಪಾಲಕರ ಪತ್ರಕ್ಕೆ ಯಾರು ಬೆಲೆ ಕೊಡ್ತಾರೆ ಮಾರಾಯ್ತಿ? ದೊಡ್ಡವರ ಹೆಸರು ಬೇಕು," ಎಂದೆ ನಾನು. ನನಗೆ ಎಂ.ಎ.ಯಲ್ಲಿ ಪಾಠ ಮಾಡಿದ ಪ್ರಾಧ್ಯಾಪಕರಿಗೆ ಫೋನು ಮಾಡಿದೆ. ಈಗ ಅವರು ವಿಶ್ವವಿದ್ಯಾಲಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. "ಕಳಿಸಮ್ಮ, ಹತ್ತು ನಿಮಿಷದ ಕೆಲಸ," ಎಂದರು. ಮಹಾದೇವಿಯ ಜೊತೆ ಅವರು ಒಂದು ಸಲ ಫೋನಿನಲ್ಲಿ ಮಾತಾಡಲಿ ಎಂದು ನಾನು ಕೇಳಿಕೊಳ್ಳಲೂ ಇಲ್ಲ.

ಕೊನೆಯ ದಿನಕ್ಕೆ ಇನ್ನು ನಾಲ್ಕು ದಿನ ಇರುವಾಗ ಪೋಷಕರ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾಯಿತು. ಅವಳ ತಂದೆ ಕಾರವಾರದ ಬೈತಖೋಲ ಬಂದರಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಬೇಗ ಹೋದರೆ ಸಂಜೆಯೇ ಮನೆಗೆ. ಅಂದು ನನಗೆ ಪಾಠ ಇರಲಿಲ್ಲ, ಮಹಾದೇವಿಯನ್ನು ಕರೆದುಕೊಂಡು ಮಧ್ಯಾಹ್ನ ಬಂದರಿಗೇ ಹೋದೆ.

ಮೀನಿನ ಹರಾಜು ಮುಗಿದಿತ್ತು. ನೆಲಕ್ಕೆ ನೀರು ಹೊಯ್ದು ತೊಳೆಯುತ್ತಿದ್ದರು. ಟ್ರಾಲರುಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಅವಳ ತಂದೆ ಊಟ ಮುಗಿಸಿ ಒಂದು ಲಾರಿಯ ನೆರಳಲ್ಲಿ ಕೂತಿದ್ದವರು ನನ್ನನ್ನು ಕಂಡು ಎದ್ದು ನಿಂತು ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡರು. ನಾನು ಕಾಗದ, ಪೆನ್ನು ಎರಡನ್ನೂ ಮುಂದೆ ಹಿಡಿದೆ.

"ಇಲ್ಲಿ ಒಂದು ಸಹಿ ಹಾಕಿದ್ರಾಯ್ತು."

ಅವರು ಪೆನ್ನು ತೆಗೆದುಕೊಳ್ಳಲಿಲ್ಲ. "ಇದ್ರಲ್ಲಿ ಎಂತಾ ಬರ್ದದೆ ಅಕ್ಕೋರೇ?"

"ಮಗಳು ಹೊರಗೆ ಹೋಗಿ ಓದೋದಕ್ಕೆ ನಿಮ್ಮ ಒಪ್ಪಿಗೆ ಇದೆ, ಅರ್ಜೀಲಿ ಬರೆದದ್ದನ್ನ ಓದಿ ತಿಳ್ಕೊಂಡಿದ್ದೀರಿ ಅಂತ."

"ಓದೂಕೆ ಹೋಗೂದು ಸೈ. ಅದಕ್ಕೆ ನಂದು ಎಂತದೂ ತಕರಾರಿಲ್ಲ. ಆದ್ರೆ ತಿಳ್ಕಂಡದೆ ಹೇಳಿ ಹೆಂಗೆ ಬರ್ಕೊಡೂದು? ನಂಗೆ ತಿಳೀಲಿಲ್ಲಲ್ಲ."

ಇದು ಬರೀ ಪದ್ಧತಿಗೆ ಎಂದೆ. ಎಲ್ಲರೂ ಹಾಕುತ್ತಾರೆ ಎಂದೆ. ನನಗೆ ಮರಳಿ ಹೋಗಿ ಸ್ಕ್ಯಾನ್ ಮಾಡಿಸುವ ಆತುರವಿತ್ತು. ಅವರು ತಲೆ ಅಲ್ಲಾಡಿಸಿದರು.

"ಊರು ಬಿಡೂ ಕಾಲಕ್ಕೆ ನಮ್ಮಪ್ಪ ಒಂದು ಕಾಗ್ದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಅವ್ನಿಗೆ ಓದೂಕೆ ಬರ್ತಿರ್ಲಿಲ್ಲ. ಎಂತಾ ಬರ್ದದೆ ಹೇಳಿ ಕೇಳೂಕೆ ನಾಚಿಕೆ. ಆಮೇಲೆ ಸಾಯೂವರೆಗೂ ನನ್ನ ಹತ್ರ ಕೇಳ್ತೇ ಇದ್ದ, ಅದ್ರಲ್ಲಿ ಎಂತಾ ಬರ್ದಿತ್ತಾ ಹೇಳಿ. ನಾನೂ ನೋಡಿರ್ಲಿಲ್ಲ. ನೀವು ಸಿಟ್ಟಾಗ್ಬೇಡಿ ಅಕ್ಕೋರೇ. ಓದಿ ಹೇಳಿ, ಹಾಕ್ತೆ."

ಅಲ್ಲೇ ಲಾರಿಯ ಪಕ್ಕ ನಿಂತು ನಾನು ಬರೆದ ಪ್ರಸ್ತಾವವನ್ನು ತೆರೆದೆ. ಇಂಗ್ಲಿಷಿನ ಮೊದಲ ವಾಕ್ಯವನ್ನು ಕನ್ನಡಕ್ಕೆ ತರಲು ಹೊರಟೆ. ಆಗಲಿಲ್ಲ. ವಾಕ್ಯವನ್ನು ಬಿಡಿಸಿ ಬಿಡಿಸಿ ನೋಡಿದರೂ ಒಳಗೆ ಆ ಮನುಷ್ಯನಿಗೆ ಹೇಳುವಂಥದ್ದು ಏನೂ ಸಿಗಲಿಲ್ಲ. ಎರಡನೆಯ ವಾಕ್ಯಕ್ಕೂ ತಡವರಿಸಿದೆ. ಮಹಾದೇವಿಯ ಕಡೆ ನೋಡಿದೆ. "ನಂಗೂ ಇದು ಪೂರಾ ತಿಳೀಲಿಲ್ಲ ಮೇಡಂ," ಎಂದಳು ಮೆಲ್ಲಗೆ. ಅವಳ ಹೆಸರಿನಲ್ಲಿ ಹೋಗಬೇಕಾದ ಬರಹ ಅದು. ಅವಳು ಅದನ್ನು ನನ್ನ ಮೇಲಿನ ಗೌರವಕ್ಕೆ ಒಪ್ಪಿಕೊಂಡಿದ್ದಳು, ಅಷ್ಟೇ.

ಮೂರನೆಯ ಪ್ಯಾರಾದಲ್ಲಿ ಒಂದು ಹೆಸರು ಸಿಕ್ಕಿತು. ಅದನ್ನಾದರೂ ಹೇಳೋಣ ಎಂದು, "ನಿಮ್ಮೂರಲ್ಲಿ ಹಾಳಗಜನಿ ಅಂತ ಒಂದು ಗದ್ದೆ ಇತ್ತಲ್ಲ, ಉಪ್ಪುನೀರು ನುಗ್ಗಿ ಹಾಳುಬಿದ್ದದ್ದು, ಅದರ ಬಗ್ಗೆ ಬರೆದಿದೆ," ಎಂದೆ. ಗಜನಿ ಎಂದರೆ ಹೊಳೆ ಸಮುದ್ರ ಸೇರುವ ಕಡೆಯ ತಗ್ಗು ಗದ್ದೆ. ನೋಟ್‌ಬುಕ್ಕಿನಲ್ಲಿ ಮಹಾದೇವಿ ಹಾಲಗಜನಿ ಎಂದು ಬರೆದಿದ್ದಳು. ಅವಳು ಲಕಾರ ಳಕಾರ ತಪ್ಪಿದ್ದಾಳೆಂದು ತಿಳಿದು, ಪಾಳುಬಿದ್ದ ನೆಲದ ಬಗ್ಗೆ ನಾನು ಒಂದು ಇಡೀ ಪ್ಯಾರಾ ಕಟ್ಟಿದ್ದೆ.

ಅವರ ಮುಖ ಗಂಟಿಕ್ಕಿತು. "ಹಾಳು ಅಲ್ಲ. ಯಾರು ಹೇಳಿದ್ರು ಹಾಳು ಹೇಳಿ? ಹಾಲಗಜನಿ. ಹಾಲು. ನಮ್ಮ ಕೇರೀಲಿ ಅಂಥ ಗದ್ದೆ ಇನ್ನೊಂದಿರ್ಲಿಲ್ಲ. ತೆನೇಲಿ ಹಾಲು ತುಂಬಿದ್ರೆ ಕೈಲಿ ಹಿಸುಕಿ ನೋಡೂದು ನಾವು, ಬೆರಳೆಲ್ಲ ಬೆಳ್ಳಗೆ ಆಗ್ತಿತ್ತು. ಗೊಬ್ಬರ ಹಾಕೂದು ಇಲ್ಲ, ಎಂತದೂ ಇಲ್ಲ. ಹೊಳೆ ತಂದು ಹಾಕಿದ್ದೇ ಗೊಬ್ಬರ."

"ನಾನು ಹಾಲು ಹೇಳೇ ಬರ್ದಿದ್ದೆ," ಎಂದಳು ಮಹಾದೇವಿ. ನನಗೆ ಕೇಳಲಿ ಎಂದಲ್ಲ, ತಂದೆಗೆ.

ಆಮೇಲೆ ಅವಳೇ ಮಾತಾಡಿದಳು. ತನ್ನ ನಾಲ್ಕು ಪುಟದಲ್ಲಿ ಏನಿತ್ತೋ ಅದನ್ನು ಮನೆಯ ಮಾತಿನಲ್ಲಿ ಹೇಳಿದಳು: ಒಂದು ಗದ್ದೆಗೆ ಹೆಸರು ಹೇಗೆ ಬರುತ್ತದೆ, ಒಂದೇ ಬಾವಿಗೆ ಹೆಂಗಸರು ಒಂದು ಹೆಸರು ಗಂಡಸರು ಒಂದು ಹೆಸರು ಯಾಕೆ ಹೇಳುತ್ತಾರೆ, ಕೊಂಕಣಿಯವರ ಬಾಯಲ್ಲಿ ಅದೇ ಬಂಡೆ ಯಾಕೆ ಬೇರೆ, ಜಾಗ ಹೋದ ಮೇಲೆ ಹೆಸರು ಎಷ್ಟು ಕಾಲ ಬದುಕುತ್ತದೆ, ಇದನ್ನೆಲ್ಲ ಕ್ರಮವಾಗಿ ಕಲಿತು ಬರೆಯಬೇಕು. ತಂದೆ ನಡುನಡುವೆ ತಿದ್ದುತ್ತಿದ್ದರು, ಸೇರಿಸುತ್ತಿದ್ದರು. ಪಕ್ಕದ ಲಾರಿಯವರು ಕರೆದರೂ ಕೈಯೆತ್ತಿ ತಡೆದರು. ಮುಗಿದ ಮೇಲೆ, "ಇದಾದ್ರೆ ತಿಳೀತು," ಎಂದು ಪೆನ್ನು ತೆಗೆದುಕೊಂಡು ಲಾರಿಯ ಬಾನೆಟ್ಟಿನ ಮೇಲೆ ಕಾಗದವಿಟ್ಟು ನಿಧಾನವಾಗಿ ಸಹಿ ಹಾಕಿದರು.

ಬಂದರಿನ ಗೇಟು ದಾಟುವ ಮೊದಲೇ ನಾನು ತೀರ್ಮಾನ ಮಾಡಿಯಾಗಿತ್ತು. ಅವರು ಸಹಿ ಹಾಕಿದ್ದು ಮಗಳು ಹೇಳಿದ್ದಕ್ಕೆ, ನಾನು ಬರೆದದ್ದಕ್ಕಲ್ಲ. ನನ್ನ ಬರಹವನ್ನೇ ಕಳಿಸಿದರೆ ಆ ಸಹಿ ಸುಳ್ಳಾಗುತ್ತದೆ. "ನಾನು ಬರೆದದ್ದು ಬೇಡ. ನೀನೇ ಬರಿ. ಇಂಗ್ಲಿಷ್ ಹೇಗೆ ಬರುತ್ತೋ ಹಾಗೆ," ಎಂದೆ.

"ಬರೀ ನಾಲ್ಕು ದಿನ ಅದೆ ಮೇಡಂ."

"ಅದಕ್ಕೇ ಇವತ್ತೇ ಶುರು ಮಾಡು."

ಮೂರು ದಿನ ಅವಳು ಗ್ರಂಥಾಲಯದ ಕಿಟಕಿಯ ಪಕ್ಕ ಕೂತು ಬರೆದಳು. ಕನ್ನಡದ ವಾಕ್ಯ ಮೊದಲು, ಅದರ ಕೆಳಗೆ ಇಂಗ್ಲಿಷ್. ತಪ್ಪುಗಳಿದ್ದವು. ವ್ಯಾಕರಣವನ್ನಷ್ಟೇ ತಿದ್ದಿದೆ. ಶಬ್ದ ಬದಲಿಸಲು ಕೈ ತುರಿಸುತ್ತಿತ್ತು, ಪೆನ್ನು ಮುಚ್ಚಿ ಚೀಲದಲ್ಲಿಟ್ಟೆ. ಸ್ಥಳನಾಮಗಳನ್ನು ಅವಳು ಕನ್ನಡ ಅಕ್ಷರದಲ್ಲೇ ಉಳಿಸಿ ಪಕ್ಕದಲ್ಲಿ ಅರ್ಥ ಕೊಟ್ಟಳು. ಇಂಗ್ಲಿಷಿನಲ್ಲಿ ಬರೆದರೆ ಹಾಲು ಹಾಳು ಎರಡೂ ಒಂದೇ ಆಗುತ್ತದೆ ಎಂದು ಒಂದು ಟಿಪ್ಪಣಿಯನ್ನೂ ಹಾಕಿದಳು. ಸಾವಿರ ಶಬ್ದಕ್ಕೆ ಒಂಬತ್ತು ಕಡಿಮೆ. ಓದಿದಾಗ ಗ್ರಂಥಪಾಲಕರು, "ಇದು ನಮ್ಮ ಹುಡ್ಗೀದೇ," ಎಂದರು.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಝೆರಾಕ್ಸ್ ಅಂಗಡಿಯಲ್ಲಿ ಕೂತೆವು. ಎಲ್ಲ ಪುಟಗಳ ಎದುರೂ ಹಸಿರು ಗುರುತು ಬಂದಿತ್ತು. ನನ್ನ ಪತ್ರ ಸೇರಿತ್ತು. ಒಂದೇ ಒಂದು ಕಡೆ ಕೆಂಪು: ಶಿಫಾರಸು ಎರಡರಲ್ಲಿ ಒಂದು.

ಆ ಪ್ರಾಧ್ಯಾಪಕರಿಗೆ ಹದಿನೈದು ದಿನದಲ್ಲಿ ನಾನು ಎಷ್ಟು ಸಲ ಫೋನು ಮಾಡಿದ್ದೆನೋ. ಮೊದಲು ಲಿಂಕ್ ಬಂದಿಲ್ಲ ಎಂದರು. ಬೇಡದ ಇಮೇಲ್‌ಗಳ ಜೊತೆ ಬಿದ್ದಿತ್ತು. ಸಿಗುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಹೊಸ ಲಿಂಕ್ ಕಳಿಸಿದೆವು. ವಿಚಾರ ಸಂಕಿರಣಕ್ಕೆ ಹೊರಟಿದ್ದೇನೆ, ಬಂದು ಮಾಡುತ್ತೇನೆ ಎಂದರು. ಬುಧವಾರ ಫೋನೆತ್ತಿದ ಅವರ ಸಂಶೋಧನಾ ವಿದ್ಯಾರ್ಥಿ, "ಸರ್ ಕಳಿಸಿಬಿಟ್ಟಿದ್ದಾರೆ ಮೇಡಂ," ಎಂದ. ನಾನು ನಂಬಿದೆ.

ಎರಡೂಮುಕ್ಕಾಲಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮೂರಕ್ಕೆ, ಮೂರೂಕಾಲಕ್ಕೆ, ಮೂರೂವರೆಗೆ. ಅಂಗಡಿಯ ಹೆಂಗಸು ಬೇರೆ ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸುತ್ತಿದ್ದಳು. "ಬಾಯಿ, ಇನ್ನೊಂದ್ಸಲ ತೆರ್ದು ನೋಡ್ಲಾ?" ಎಂದು ಕೇಳುತ್ತಾ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಿದ್ದಳು. ಕೆಂಪು ಕೆಂಪಾಗಿಯೇ ಇತ್ತು. ಗ್ರಂಥಪಾಲಕರ ಹೆಸರು ಹಾಕೋಣವೆಂದರೆ, ಒಮ್ಮೆ ಲಿಂಕ್ ಹೋದ ಮೇಲೆ ಶಿಫಾರಸುದಾರರನ್ನು ಬದಲಿಸುವಂತಿಲ್ಲ ಎಂದು ಜಾಲತಾಣ ಹೇಳಿತು.

ನಾಲ್ಕೂ ನಲವತ್ತಕ್ಕೆ ಅವರೇ ಫೋನು ಮಾಡಿದರು. "ಈ ಲಿಂಕು ಗಿಂಕು ನಂಗೆ ಆಗೋದಿಲ್ಲಮ್ಮ. ಪತ್ರ ನಿನ್ನ ವಾಟ್ಸಾಪಿಗೆ ಹಾಕಿದ್ದೇನೆ. ನೀನೇ ಸೇರಿಸಿಬಿಡು."

"ಸರ್, ನಾನು ಸೇರಿಸೋ ಹಾಗಿಲ್ಲ. ಲಿಂಕ್ ತೆರೆಯಿರಿ, ನಾನು ಫೋನಲ್ಲೇ ಹೇಳ್ತಾ ಹೋಗ್ತೀನಿ."

"ಈಗ ಮೀಟಿಂಗಿನಲ್ಲಿದ್ದೇನೆ," ಎಂದು ಇಟ್ಟರು.

ಪತ್ರ ತೆರೆದು ನೋಡಿದೆ. ಯಾರಿಗೋ ಎಂದೋ ಬರೆದದ್ದರಲ್ಲಿ ಹೆಸರು ಮಾತ್ರ ಬದಲಿಸಿದ್ದರು. ಎರಡನೆಯ ಪ್ಯಾರಾದಲ್ಲಿ ಅವಳು ಅವನಾಗಿದ್ದಳು. ಅವನ ಸಂಶೋಧನೆ ದೇವಾಲಯ ವಾಸ್ತುಶಿಲ್ಪದ ಮೇಲಿತ್ತು. ಮಹಾದೇವಿ ನನ್ನ ಭುಜದ ಮೇಲಿಂದ ಓದುತ್ತಿದ್ದಳು. ನಾನು ಫೋನು ಮಗುಚಿ ಇಟ್ಟೆ.

ಐದು ಗಂಟೆಗೆ ಪುಟ ಬೂದು ಬಣ್ಣಕ್ಕೆ ತಿರುಗಿತು. ಒತ್ತುವ ಗುಂಡಿ ಮಾಯವಾಯಿತು. ಅಂಗಡಿಯ ಹೆಂಗಸು ಅದು ಇದ್ದ ಜಾಗದಲ್ಲೇ ಒಂದು ಸಲ ಒತ್ತಿ ನೋಡಿದಳು. ನಾವು ತಂದಿದ್ದ ಕಾಗದಗಳನ್ನೆಲ್ಲ ಜೋಡಿಸಿ, ಕ್ಲಿಪ್ಪು ಹಾಕಿ, ಮಹಾದೇವಿಯ ಕೈಗೆ ಕೊಟ್ಟಳು.

ಕಾರವಾರದ ಬಸ್ಸು ಹತ್ತಿದೆವು. ಅಮದಳ್ಳಿ ದಾಟಿದ ಮೇಲೆ ನಾನು, "ನಿನ್ನ ಮಾತು ಕೇಳಬೇಕಿತ್ತು. ಲೈಬ್ರರಿ ಸರ್ ಹೆಸರೇ ಹಾಕಬೇಕಿತ್ತು," ಎಂದೆ.

ಅವಳು ಸಮಾಧಾನ ಹೇಳುತ್ತಾಳೆ ಎಂದು ಒಳಗೊಳಗೇ ಕಾದಿದ್ದೆನೇನೋ. "ಹೌದು ಮೇಡಂ," ಎಂದಳು ಅಷ್ಟೇ. ತೋಡೂರಿನಲ್ಲಿ ಇಳಿದು ಹಿಂತಿರುಗಿ ನೋಡದೆ ಹೋದಳು.

ಹತ್ತು ದಿನ ಬಿಟ್ಟು ಇಮೇಲ್ ಬಂತು. ಅರ್ಜಿ ಅಪೂರ್ಣವಾಗಿರುವುದರಿಂದ ಪರಿಗಣಿಸಲಾಗಿಲ್ಲ. ನಾನು ಪ್ರತಿಷ್ಠಾನಕ್ಕೆ ಉದ್ದನೆಯ ಪತ್ರ ಬರೆದೆ, ತಪ್ಪು ವಿದ್ಯಾರ್ಥಿನಿಯದಲ್ಲ, ನನ್ನದು ಎಂದೆ. ಐದು ನಿಮಿಷದಲ್ಲಿ ಉತ್ತರ ಬಂತು: ನಿಮ್ಮ ಪ್ರಶ್ನೆ ನಮಗೆ ಮುಖ್ಯ. ಪ್ರಾಧ್ಯಾಪಕರಿಗೆ ಏನೂ ಹೇಳಲಿಲ್ಲ. ಹೇಳಿದರೂ ಅವರಿಗೆ ಅವಳು ಯಾರೆಂದು ನೆನಪಾಗುತ್ತಿರಲಿಲ್ಲ.

ಅವಳು ಬಿ.ಎ. ಮುಗಿಸಿ ಬೈತಖೋಲದ ಒಂದು ಐಸ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಬಸ್ಸಿನಲ್ಲಿ ಈಗ ಅವಳು ಸಿಗುತ್ತಿರಲಿಲ್ಲ, ಅವಳು ಹೋಗುವ ದಿಕ್ಕೇ ಬೇರೆಯಾಗಿತ್ತು. ಬೆಳಿಗ್ಗೆ ತೋಡೂರಿನಲ್ಲಿ ಬಸ್ಸು ನಿಂತಾಗ ರಸ್ತೆಯ ಆಚೆ ಬದಿ ಕಾರವಾರದ ಬಸ್ಸಿಗೆ ಕಾಯುತ್ತ ನಿಂತವಳು ಕೆಲವೊಮ್ಮೆ ಕಾಣುತ್ತಿದ್ದಳು. ಕೈ ಬೀಸಿದರೆ ಬೀಸುತ್ತಿದ್ದಳು. ಅರ್ಜಿಯ ಮಾತನ್ನು ಎತ್ತಲು ನನಗೆ ಮುಖವಿರಲಿಲ್ಲ.

ಮರುವರ್ಷ ಜನವರಿಯ ಕೊನೆಯಲ್ಲಿ ನನ್ನ ಇಮೇಲಿಗೆ ಒಂದು ಲಿಂಕ್ ಬಂತು. ಮಾದೇವಿ ಎಂಬ ಅಭ್ಯರ್ಥಿ ತಮ್ಮನ್ನು ಶಿಫಾರಸುದಾರರೆಂದು ಸೂಚಿಸಿದ್ದಾರೆ. ಗ್ರಂಥಾಲಯಕ್ಕೆ ಓಡಿದೆ. ಗ್ರಂಥಪಾಲಕರು ಕನ್ನಡಕ ಮೂಗಿಗೆ ಇಳಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತು ಎರಡು ಬೆರಳಿನಲ್ಲಿ ಟೈಪು ಮಾಡುತ್ತಿದ್ದರು. "ಬಂತಾ ನಿಮ್ಗೂ?" ಎಂದರು, ತಲೆ ಎತ್ತದೆ.

ಅವಳಿಗೆ ಫೋನು ಮಾಡಿ, "ಪ್ರಸ್ತಾವ ಒಂದು ಸಲ ನೋಡ್ಲಾ?" ಎಂದು ಕೇಳಿದೆ.

"ಬೇಡ ಮೇಡಂ," ಎಂದಳು. ಬಿರುಸಾಗಿ ಏನಲ್ಲ. "ನೀವು ಪತ್ರ ಹಾಕಿ ಸಾಕು."

ಅಭ್ಯರ್ಥಿಯನ್ನು ಎಷ್ಟು ಕಾಲದಿಂದ, ಯಾವ ರೀತಿಯಲ್ಲಿ ಬಲ್ಲಿರಿ ಎಂಬುದು ಮೊದಲ ಪ್ರಶ್ನೆ. ಹಿಂದಿನ ವರ್ಷ ಅದಕ್ಕೆ ಒಂದೇ ಸಾಲು ಬರೆದಿದ್ದೆ. ಈ ಸಲ ಅಲ್ಲೇ ಬಹಳ ಹೊತ್ತು ಕೂತೆ. ಅವಳು ಸರಿಯಾಗಿ ಬರೆದದ್ದನ್ನು ನಾನು ತಪ್ಪೆಂದು ತಿದ್ದಿದ್ದೆ, ಅವಳ ತಂದೆಯ ಎದುರು ಅದು ಬಯಲಾಯಿತು, ಆಮೇಲೆ ಅವಳು ಮೂರು ದಿನದಲ್ಲಿ ತನ್ನ ಬರಹವನ್ನು ತಾನೇ ಬರೆದಳು ಎಂದು ನಡೆದದ್ದನ್ನು ನಡೆದ ಹಾಗೆ ಬರೆದೆ. ಹೊಗಳಿಕೆಯ ವಾಕ್ಯಗಳಿಗೆ ಜಾಗ ಉಳಿಯಲಿಲ್ಲ. ಕಳಿಸಿದೆ.

ಅವಳ ಹೆಸರು ಸಂದರ್ಶನದ ಪಟ್ಟಿಯಲ್ಲಿ ಬಂತು. ಐಸ್ ಕಾರ್ಖಾನೆಯಲ್ಲಿ ಅರ್ಧ ದಿನ ರಜೆ ಹಾಕಿ ನಮ್ಮ ಕಾಲೇಜಿಗೆ ಬಂದು, ಗ್ರಂಥಾಲಯದ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ನಾನೂ ಗ್ರಂಥಪಾಲಕರೂ ಬಾಗಿಲ ಹೊರಗೆ. ಇಪ್ಪತ್ತೈದು ನಿಮಿಷ. ನಡುವೆ ಎರಡು ಸಲ ಕರೆಂಟು ಹೋಗಿ ಬಂತು, ಗ್ರಂಥಪಾಲಕರು ಬ್ಯಾಟರಿ ಕಡೆ ಓಡಿದರು.

ಹೊರಗೆ ಬಂದವಳಿಗೆ, "ಏನು ಕೇಳಿದ್ರು?" ಎಂದೆ.

"ಉರ್ಕಂಡಿ ಹೇಳಿದ್ರೆ ಎಂತಾ ಹೇಳಿ ಕೇಳಿದ್ರು. ಅರ್ಜಿ ಜೊತೆ ಹಾಕಿದ ಹೆಸ್ರಿನ ಪಟ್ಟೀಲಿ ಇತ್ತು, ಹಳ್ಳದ ಬಾಯಿ ಹತ್ರದ ಜಾಗ."

"ನೀನು ಏನಂದೆ?"

"ಗೊತ್ತಿಲ್ಲ ಹೇಳಿದೆ. ನಾಲ್ಕು ಜನ್ರ ಹತ್ರ ಕೇಳಿದ್ದೆ, ನಾಲ್ಕೂ ಜನ ಬೇರೆ ಬೇರೆ ಹೇಳಿದ್ರು, ನಾಲ್ಕೂ ಬರ್ಕೊಂಡಿದ್ದೆ. ಯಾವ್ದು ಸರಿ ಹೇಳಿ ತಿಳ್ಕೊಳ್ಳೂದು ಹೆಂಗೆ ಹೇಳೂದನ್ನ ಕಲೀಲಿಕ್ಕೇ ಬರ್ತೆ ಅಂದೆ."

ನಾನು ಸಿದ್ಧ ಮಾಡಿಸಿದ್ದರೆ ಏನಾದರೊಂದು ಅರ್ಥ ಬಾಯಿಪಾಠ ಮಾಡಿಸಿ ಕಳಿಸಿರುತ್ತಿದ್ದೆ.

ಆಯ್ಕೆಯಾದವರ ಪಟ್ಟಿ ಬಂದದ್ದು ಮೇ ತಿಂಗಳಲ್ಲಿ. ಅವಳ ಹೆಸರಿತ್ತು. ಪರದೆಯ ಮೇಲೆ ಅದನ್ನು ನೋಡಿದಾಗ ಸಂತೋಷಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಇದೇ ಹುಡುಗಿ, ಇದೇ ನೋಟ್‌ಬುಕ್, ಇದೇ ಗ್ರಂಥಪಾಲಕರು ಹೋದ ವರ್ಷವೂ ಇದ್ದರು. ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ಹುಡುಕಬೇಕಾಗಿರಲಿಲ್ಲ.

ಹೊರಡುವ ಎರಡು ದಿನ ಮೊದಲು ಅವಳು ಕಾರವಾರದ ನಮ್ಮ ಮನೆಗೆ ಬಂದಳು. ಚಹಾ ಕುಡಿಯುತ್ತಾ ಕೂತಾಗ ತಡೆಯಲಾಗದೆ ಹೇಳಿಬಿಟ್ಟೆ, "ನನ್ನಿಂದ ನಿನ್ನ ಒಂದು ವರ್ಷ ಹೋಯ್ತು."

ಅವಳು ಲೋಟ ಕೆಳಗಿಟ್ಟಳು.

"ಹೋಯ್ತು ಮೇಡಂ," ಎಂದಳು. "ಐಸ್ ಕಾರ್ಖಾನೇಲಿ ದಿನಾ ಅದನ್ನೇ ಎಣಿಸ್ತಿದ್ದೆ. ಆದ್ರೆ ರವಿವಾರ ರವಿವಾರ ಕಾಲನೀಲಿ ಕೂತು ಬರ್ಕೊಳ್ಳೂಕೆ ಆಯ್ತಲ್ಲ. ಹೇಳ್ದವ್ರಲ್ಲಿ ಇಬ್ರು ಈಗ ಇಲ್ಲ. ಒಬ್ರು ದೀಪಾವಳಿ ಹೊತ್ತಿಗೆ ಹೋದ್ರು, ಒಬ್ರು ಮೊನ್ನೆ. ಹೋದ ವರ್ಷವೇ ಹೊರಟಿದ್ರೆ ಅವ್ರು ಹೇಳಿದ್ದು ಯಾರ ಹತ್ರವೂ ಇರ್ತಿರ್ಲಿಲ್ಲ."

ಅವಳು ನನ್ನನ್ನು ಕ್ಷಮಿಸಿದಳೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳೋ ತಿಳಿಯಲಿಲ್ಲ. ಕೇಳಲೂ ಇಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದಳು. ನಾನು ಸ್ಟ್ಯಾಂಡಿನವರೆಗೂ ಅವಳ ಜೊತೆ ನಡೆದೆ.